ಖಾಲಿ ಬಾಕ್ಸಿನ ತಳದಲ್ಲಿ

ಚಂದ್ರಾ ಲೇಔಟ್
10 ಜುಲೈ 2024, ಬುಧವಾರ

ಕೀರ್ತನಾ,

ಹರಿದು ಹಾಕುವುದಾದರೆ ಓದಿದ ಮೇಲೆ ಹರಿದು ಹಾಕು.

ನೀನು ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯ. ಅದಕ್ಕೇ ಇದನ್ನು ಐಸ್ ಬಾಕ್ಸಿನ ತಳದಲ್ಲಿ ಇಡುತ್ತಿದ್ದೇನೆ. ಅಂಜಿನಯ್ಯನವರು ಉಲ್ಲಾಳದ ನಿಮ್ಮ ಸೆಂಟರಿನ ರಕ್ತದ ಟ್ಯೂಬುಗಳನ್ನು ನಮ್ಮ ಲ್ಯಾಬಿನಲ್ಲಿ ಇಳಿಸಿ, ಖಾಲಿ ಬಾಕ್ಸನ್ನು ತೊಳೆಯುವಾಗ ನಾನು ಬರೆಯುವುದನ್ನು ನೋಡಿಬಿಟ್ಟರು. “ಏನಮ್ಮಾ ಅದು ಚೀಟಿ?” ಅಂದರು. “ಕೀರ್ತನಾಗೆ. ಸೂಜಿ ಸ್ಟಾಕು ಕೇಳಿದ್ಲು” ಅಂದೆ. ಅವರು ನಂಬಲಿಲ್ಲ. ಆದರೂ ತರುತ್ತಾರೆ.

ಇದು ಆ ವಿಷಯ ಅಲ್ಲ. ನಿಮ್ಮಣ್ಣನ ಜೊತೆ ಆಗಿದ್ದ ನಿಶ್ಚಿತಾರ್ಥವನ್ನು ಏಪ್ರಿಲ್‌ನಲ್ಲಿ ನಾನು ಬೇಡ ಅಂದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ.

ನಿನ್ನೆ ಬೆಳಗಿನ ಬಾಕ್ಸಿನಲ್ಲಿ ಅವರ ಟ್ಯೂಬ್ ಬಂತು. ಭೈರೇಶ್, 29, ಜ್ವರ ಅಂತ ನಿನ್ನದೇ ಅಕ್ಷರ. ಹೊಸ ಮಿಷನ್ನಿಗೆ ಹಾಕಿದೆ. ಅದು ಒಂದೊಂದೇ ರಕ್ತಕಣವನ್ನು ಬೆಳಕಿನ ಮುಂದೆ ಹಾಯಿಸಿ ಎಣಿಸುತ್ತದೆ, ಪರದೆಯ ಮೇಲೆ ಚುಕ್ಕಿಗಳ ಗುಂಪುಗಳನ್ನು ಮೂಡಿಸುತ್ತದೆ. ನಿಮ್ಮಣ್ಣನ ರಕ್ತ ಹೋದಾಗ, ಏನೂ ಇರಬಾರದ ಒಂದು ಮೂಲೆಯಲ್ಲಿ ಸಣ್ಣದೊಂದು ಗುಂಪು ಕಾಣಿಸಿತು. ಕೆಳಗೆ ಕೆಂಪು ಅಕ್ಷರದಲ್ಲಿ ‘ಮಲೇರಿಯಾ’ ಅಂತ ಬಂತು. ಪಕ್ಕದಲ್ಲಿ ಪ್ರಶ್ನೆಚಿಹ್ನೆ.

ನಿನ್ನ ಕೈಗೆ ಬಂದ ರಿಪೋರ್ಟಿನಲ್ಲಿ ಅದು ಇರುವುದಿಲ್ಲ. ಕಾಗದದಲ್ಲಿ ಅಂಕಿಗಳು ಮಾತ್ರ ಅಚ್ಚಾಗುತ್ತವೆ, ಆ ಕೆಂಪು ಅಕ್ಷರ ಪರದೆಯಲ್ಲೇ ಉಳಿಯುತ್ತದೆ. ಇನ್‌ಚಾರ್ಜ್ ಶ್ರೀಶ ಸರ್‌ಗೆ ತೋರಿಸಿದೆ. “ಡಾಕ್ಟ್ರು ಬರ್ದಿರೋದು ಏನು? ಸಿಬಿಸಿ, ಡೆಂಗ್ಯೂ. ಎರಡೂ ಕೊಟ್ಟಿದೀವಿ. ಇದು ಮಳೆಗಾಲ ಪೂರ್ತಿ ಹಿಂಗೇ ಬಡ್ಕೊಳ್ಳುತ್ತೆ ಕಣಮ್ಮ. ಪ್ರತಿ ಸಲ ಹಿಂದೆ ಓಡ್ತಾ ಇದ್ರೆ ಉಳಿದ ರಿಪೋರ್ಟ್ ನಿಮ್ಮಪ್ಪ ಕಳಿಸ್ತಾರಾ?” ಅಂದರು. ಅವರ ಮಾತು ಪೂರಾ ಸುಳ್ಳೂ ಅಲ್ಲ. ನಿನ್ನೆ ಒಂದೇ ದಿನ ಇನ್ನೂ ಮೂರು ಟ್ಯೂಬುಗಳಿಗೆ ಅದೇ ಅಕ್ಷರ ಬಂತು.

ಸಂಜೆ ಅದೇ ಟ್ಯೂಬಿನಿಂದ ನಾನೇ ಗಾಜಿನ ಮೇಲೆ ಒಂದು ಹನಿ ಎಳೆದು ಮೈಕ್ರೋಸ್ಕೋಪಿನಲ್ಲಿ ನೋಡಿದೆ. ರಕ್ತ ಹಳತಾಗಿತ್ತು. ಒಂದು ಕಡೆ ಏನೋ ಕಂಡ ಹಾಗಾಯಿತು, ಆಮೇಲೆ ಕಾಣಲಿಲ್ಲ. ಇದೆ ಅಂತಲೂ ಹೇಳಲಾರೆ, ಇಲ್ಲ ಅಂತಲೂ ಹೇಳಲಾರೆ.

ಅವರು ಒಡಿಶಾದಿಂದ ಬಂದು ತಿಂಗಳಾಯಿತಲ್ಲವೇ? ಅಲ್ಲಿ ಮಲೇರಿಯಾ ಜಾಸ್ತಿ. ಇನ್ನೊಂದು ಸಲ ರಕ್ತ ತೆಗೆದು ಕಳಿಸು.

ಸ್ಪಂದನ

*

ಉಲ್ಲಾಳ
11 ಜುಲೈ, ಗುರುವಾರ ಬೆಳಿಗ್ಗೆ

ಸ್ಪಂದನ,

ಹರಿದು ಹಾಕಬೇಕೆಂದೇ ಇದ್ದೆ. ಸೆಂಟರಿನಲ್ಲಿ ಜನ ಇದ್ದರು, ಆಗಲಿಲ್ಲ.

ನನ್ನ ಅಣ್ಣನ ರಕ್ತದ ಯೋಚನೆ ನಿನಗೆ ಬೇಡ. ಡಾಕ್ಟರು ರಿಪೋರ್ಟ್ ನೋಡಿದರು. ಪ್ಲೇಟ್‌ಲೆಟ್ ಎಂಬತ್ತನಾಲ್ಕು ಸಾವಿರ. ಡೆಂಗ್ಯೂ ಟೆಸ್ಟ್ ಕಾರ್ಡಿನಲ್ಲಿ ಬರದಿದ್ದರೂ ಡೆಂಗ್ಯೂ ಥರಾನೇ ಇದೆ, ನೀರು ಚೆನ್ನಾಗಿ ಕುಡಿಸಿ ಅಂದರು. ಈ ರಸ್ತೆಯಲ್ಲಿ ಮನೆಗೊಬ್ಬರಿಗೆ ಇದೇ ಆಗಿದೆ. ಅಮ್ಮ ದಿನಾ ಪರಂಗಿ ಎಲೆ ಅರೆದು ರಸ ಕುಡಿಸುತ್ತಿದ್ದಾಳೆ. ಎದುರು ಮನೆಯ ಪರಂಗಿ ಗಿಡ ಬೋಳಾಗಿದೆ, ಆ ಹನುಮಕ್ಕ ಗೇಟಿನಲ್ಲೇ ನಿಂತು, “ಕಾಯಾದ್ರೂ ಬಿಡಿ ಕಣ್ರವ್ವಾ” ಅನ್ನುತ್ತಾಳೆ.

ನಿನ್ನೆ ಸಂಜೆ ಜ್ವರ ಬಂತು. ರಾತ್ರಿ ಹಾಸಿಗೆಯೆಲ್ಲ ಒದ್ದೆಯಾಗುವಂತೆ ಬೆವರಿ ಬಿಟ್ಟುಹೋಯಿತು. ಈಗ ಎದ್ದು ಕೂತು ಮೂರು ಇಡ್ಲಿ ತಿಂದು, ಅಂಗಳದಲ್ಲಿ ಗಾಡಿ ಒರೆಸುತ್ತಿದ್ದಾನೆ. ಭಾನುವಾರ ಬೋರ್‌ವೆಲ್ ಕೊರೆಯುವ ಅವರ ರಿಗ್ ಲಾರಿ ಮತ್ತೆ ಒಡಿಶಾಗೆ ಹೊರಡುತ್ತದೆ. ಅವನೂ ಹೋಗುತ್ತಾನೆ.

ನಿನ್ನ ಮಿಷನ್ನಿಗೆ ಸೊಳ್ಳೆ ಕಂಡಿದ್ದರೆ ಅದರ ಮುಂದೆ ಒಂದು ಬತ್ತಿ ಹಚ್ಚಿಡು. ಅಮ್ಮ ನಿನಗೋಸ್ಕರ ಸೀರೆಗೆ ಕುಚ್ಚು ಹಾಕಿಸಿ ಇಟ್ಟಿದ್ದಳು. ನೀನು ಒಂದು ಮಾತೂ ಹೇಳದೆ, ನಿಮ್ಮಪ್ಪನ ಕೈಯಲ್ಲಿ ಫೋನ್ ಮಾಡಿಸಿ ಬೇಡ ಅಂದೆ. ಅವನು ಆಗ ರಿಗ್ ಮೇಲಿದ್ದ. ನಾನೇ ಹೇಳಬೇಕಾಯಿತು. ಈಗ ಅವನ ಜ್ವರಕ್ಕೆ ಚೀಟಿ ಬರೆಯುತ್ತೀಯ.

ಮತ್ತೆ ಬರೆಯಬೇಡ.

ಕೀರ್ತನಾ

*

ಚಂದ್ರಾ ಲೇಔಟ್
11 ಜುಲೈ, ಮಧ್ಯಾಹ್ನ

ಕೀರ್ತನಾ,

ಬೇಡ ಅಂದಿದ್ದೀಯ, ಆದರೂ ಬರೆಯುತ್ತಿದ್ದೇನೆ. ಅಂಜಿನಯ್ಯನವರು ಗಾಡಿ ಸ್ಟಾರ್ಟ್ ಮಾಡಿಕೊಂಡು ನಿಂತಿದ್ದಾರೆ.

ನಿನ್ನೆ ಬುಧವಾರ ಸಂಜೆ ಬಂದು, ಬೆವರಿ, ಬಿಟ್ಟಿತು. ಸೋಮವಾರ ಸಂಜೆಯೂ ಬಂದಿತ್ತಾ? ಬಂದಿದ್ದರೆ ನಾಳೆಯೂ ಬರುತ್ತದೆ. ಇವತ್ತು ಗಾಡಿ ಒರೆಸುತ್ತಿದ್ದಾರೆಂದು ನಂಬಬೇಡ. ಈ ಜ್ವರ ಒಂದು ದಿನ ಬಿಟ್ಟು ಒಂದು ದಿನ ಬರುತ್ತದೆ ಅಂತ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಬರೆದುಕೊಂಡಿದ್ದೆವು.

ಒಂದು ಮಾತು ಕೇಳು. ನಿಮ್ಮಮ್ಮ ಅವರನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕಳಿಸಿರುತ್ತಾರೆ. ನಮ್ಮ ಕಡೆ ಎಲ್ಲರೂ ಹಾಗೇ. ಸಕ್ಕರೆಗೂ ಖಾಲಿ ಹೊಟ್ಟೆ, ಜ್ವರಕ್ಕೂ ಖಾಲಿ ಹೊಟ್ಟೆ. ಬೆಳಿಗ್ಗೆ ಜ್ವರ ಇಳಿದಿರುತ್ತದೆ, ರಕ್ತ ಆಗ ತೆಗೆಯುತ್ತೇವೆ. ಚಳಿ ಹತ್ತುವುದು ಸಂಜೆ. ಎರಡನೇ ಬಾಕ್ಸ್ ಎರಡೂವರೆಗೇ ನಿಮ್ಮಲ್ಲಿಂದ ಹೊರಟುಬಿಡುತ್ತದೆ. ಅವರು ನಡುಗುವ ಹೊತ್ತಿನ ರಕ್ತ ಇಲ್ಲಿಗೆ ಬರುವುದೇ ಇಲ್ಲ.

ನಾಳೆ ಚಳಿ ಶುರುವಾದರೆ ಆಗಲೇ ತೆಗಿ. ಟ್ಯೂಬಿನಲ್ಲಿ ಇಡಬೇಡ, ಅಲ್ಲೇ ಗಾಜಿನ ಮೇಲೆ ಎಳಿ. ನಾಳೆ ಶುಕ್ರವಾರ, ಗಾಜು ನೋಡುವ ಡಾಕ್ಟರು ಜಲಜಾ ಮೇಡಂ ಸಂಜೆ ಬರುತ್ತಾರೆ. ಅವರು ನೋಡಿ ಇಲ್ಲ ಅಂದರೆ ನಾನು ಇನ್ನು ಯಾವತ್ತೂ ಬರೆಯುವುದಿಲ್ಲ. ಆ ದೇವರಾಣೆಗೂ.

ನಾನು ತಪ್ಪಿರಬಹುದು. ತಪ್ಪಿರಲಿ ಅಂತಲೇ ಬೇಡುತ್ತಿದ್ದೇನೆ. ಬೆಳಿಗ್ಗೆಯಿಂದ ಒಂದು ಕಡೆ ಕೂರಲು ಆಗುತ್ತಿಲ್ಲ.

ಸ್ಪಂದನ

*

ನಿಮ್ಮ ಲ್ಯಾಬ್ ಎದುರಿನ ದರ್ಶಿನಿ
12 ಜುಲೈ, ಶುಕ್ರವಾರ ಸಂಜೆ

ಸ್ಪಂದನ,

ಈ ಚೀಟಿಯನ್ನು ಗಾಜುಗಳ ಜೊತೆಯಲ್ಲೇ ನಿಮ್ಮ ಕೌಂಟರಿನಲ್ಲಿ ಕೊಟ್ಟು ಹೋಗುತ್ತೇನೆ.

ನಾಲ್ಕು ಗಂಟೆ ಹೊತ್ತಿಗೆ ಶುರುವಾಯಿತು. ಮೊದಲು ಉಗುರು ನೀಲಿಯಾಯಿತು. ಆಮೇಲೆ ಮಂಚವೇ ಅಲುಗಾಡುವಷ್ಟು ನಡುಕ. ಎರಡು ಕಂಬಳಿ, ಅದರ ಮೇಲೆ ಅಮ್ಮನ ಹಳೆಯ ರಗ್ಗು. ಅವನ ಹಲ್ಲು ಕಟಕಟ ಅನ್ನುವುದು ಅಡುಗೆಮನೆಗೂ ಕೇಳುತ್ತಿತ್ತು. ನಾನು ಸೂಜಿ ತೆಗೆದ ತಕ್ಷಣ ಅಮ್ಮ ಕೈ ಹಿಡಿದಳು. “ನಡುಗ್ತಾ ಇರೋನಿಂದ ರಕ್ತ ತೆಗೀತೀಯೇನೇ? ಇರೋ ಜೀವಾನೂ ಹೀರ್ಕೋ. ಬೆಳಿಗ್ಗೆ ಹೊಟ್ಟೇಲಿ ಏನೂ ಇಲ್ದೆ ಇದ್ದಾಗ ತೆಗಿ, ಎಲ್ಲಾರೂ ಮಾಡೋ ಹಂಗೆ” ಅಂದಳು. ನಾನು ಬಿಡಲಿಲ್ಲ. ಅವನು ಕಂಬಳಿಯೊಳಗಿಂದಲೇ ಬೆರಳು ಚಾಚಿ, “ಬೇಗ ಚುಚ್ಚೇ, ಬೆರಳಾದ್ರೂ ಬೆಚ್ಚಗಾಗ್ಲಿ” ಅಂದ. ಅಮ್ಮ ಅಳುತ್ತಾ ನಕ್ಕಳು.

ಎರಡು ಗಾಜು ಎಳೆದೆ. ಮೊದಲನೆಯದು ಸರಿಯಾಗಿ ಬಂದಿಲ್ಲ, ಅವನ ಕೈ ನಿಲ್ಲುತ್ತಿರಲಿಲ್ಲ. ಎರಡನೆಯದು ಚೆನ್ನಾಗಿದೆ. ಒಣಗಿಸಿ, ಊಟದ ಡಬ್ಬಿಯಲ್ಲಿ ಹತ್ತಿಯ ಮೇಲೆ ಮಲಗಿಸಿ ತಂದೆ. ಬಸ್ಸು ನಾಗರಭಾವಿ ಸರ್ಕಲ್ಲಿನಲ್ಲಿ ನಿಂತದ್ದು ನಿಂತೇ ಇತ್ತು. ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಪಕ್ಕದ ಅಜ್ಜಿ “ಏನಮ್ಮಾ, ಬಿಸಿ ಇದೆಯಾ?” ಅಂದಳು.

ಇಲ್ಲಿಂದ ನೀನು ಕಾಣುತ್ತೀಯ. ಗಾಜಿನ ಹಿಂದೆ ಮಿಷನ್ ಮುಂದೆ. ನಾನು ಕಾಫಿ ಮುಗಿಸುವುದರೊಳಗೆ ನೀನು ಎಷ್ಟು ಸಲ ಎದ್ದು ಕೂತೆ. ಬಾಗಿಲ ಕಡೆ ನೋಡಿದೆ. ನನ್ನ ಕಡೆ ನೋಡಲಿಲ್ಲ.

ಒಳಗೆ ಬರುವುದಿಲ್ಲ. ಅವನನ್ನು ಅಮ್ಮನ ಹತ್ತಿರ ಬಿಟ್ಟು ಬಂದಿದ್ದೇನೆ.

ಕೀರ್ತನಾ

*

ಚಂದ್ರಾ ಲೇಔಟ್
13 ಜುಲೈ, ಶನಿವಾರ

ಕೀರ್ತನಾ,

ನಿನ್ನೆ ಸಂಜೆಯೇ ಜಲಜಾ ಮೇಡಂ ನಿನಗೆ ಫೋನ್ ಮಾಡಿದ್ದಾರೆ. ರಿಪೋರ್ಟ್ ಕೈಗೆ ಬಂದಿರುತ್ತದೆ. ನಾನು ಬರೆಯಬೇಕಾದ್ದು ಏನೂ ಉಳಿದಿಲ್ಲ. ಬರೆಯುತ್ತಿದ್ದೇನೆ.

ನಿನ್ನ ಎರಡನೆಯ ಗಾಜಿಗೆ ನಾನೇ ಬಣ್ಣ ಹಾಕಿದೆ. ತೊಳೆಯುವಾಗ ನೀರು ಜೋರಾಗಿ ಬಿದ್ದು ಎಲ್ಲ ಹೋದೀತೆಂದು ಉಸಿರು ಬಿಗಿಹಿಡಿದಿದ್ದೆ. ಮೇಡಂ ಕೂತು ನೋಡಿದರು. ಗಾಜನ್ನು ಈ ಅಂಚಿನಿಂದ ಆ ಅಂಚಿಗೆ ಸರಿಸುತ್ತಾ ಹೋದರು. ಆಮೇಲೆ ಜಾಗ ಬಿಟ್ಟು, “ಬಾ, ನೋಡು” ಅಂದರು. ಉಬ್ಬಿದ ಒಂದು ಕೆಂಪು ಕಣ. ಅದರೊಳಗೆ ನೀಲಿ ಗೆರೆಯ ಸಣ್ಣ ಬಳೆ, ಒಂದು ಕಡೆ ಕೆಂಪು ಹರಳು. ಮಲೇರಿಯಾ ಹುಳದ ಆ ರೂಪಕ್ಕೆ ಉಂಗುರ ಅಂತಲೇ ಹೆಸರು. ನಿನಗೂ ಗೊತ್ತು. ಅದರ ಮೇಲೆ ಇನ್ನೇನೂ ಬರೆಯುವುದಿಲ್ಲ.

ಆ ದಿನ ಕೆಂಪು ಅಕ್ಷರ ಬಂದಿದ್ದ ಉಳಿದ ಮೂರು ಟ್ಯೂಬುಗಳನ್ನೂ ಮೇಡಂ ತೆಗೆಸಿ ನೋಡಿದರು. ಮೂರರಲ್ಲೂ ಏನೂ ಇರಲಿಲ್ಲ. ಮಿಷನ್ ಸುಳ್ಳು ಹೇಳಿತು ಅನ್ನುವ ಹಾಗಿಲ್ಲ, ನಿಜ ಹೇಳಿತು ಅನ್ನುವ ಹಾಗೂ ಇಲ್ಲ. ಅದು ಕ್ಲಾಸಿನಲ್ಲಿ ಮಗು ಕೈ ಎತ್ತಿದ ಹಾಗೆ ಎತ್ತುತ್ತದೆ, ಅಷ್ಟೆ. ಯಾರಾದರೂ ‘ಏನು?’ ಅಂತ ಕೇಳಬೇಕು. ಇನ್ನು ಮುಂದೆ ಕೆಂಪು ಅಕ್ಷರ ಬಂದ ಪ್ರತಿ ಟ್ಯೂಬಿಗೂ ಒಂದು ಗಾಜು ಎಳೆಯಲೇಬೇಕು ಅಂತ ಮೇಡಂ ಗೋಡೆಗೆ ಬರೆದು ಅಂಟಿಸಿದ್ದಾರೆ. ಶ್ರೀಶ ಸರ್ ಓದಿ, “ಹಂಗಾದ್ರೆ ನಂಗೂ ಒಂದು ಹಾಸಿಗೆ ಇಲ್ಲೇ ಹಾಸ್ಬಿಡಿ” ಅಂದರು. ಆಮೇಲೆ ಹೋಗಿ ಎರಡು ಡಬ್ಬ ಹೊಸ ಗಾಜು ತಂದರು.

ಮಾತ್ರೆ ವಿಷಯ ಮರೆಯಬೇಡ. ಮೊದಲ ಮೂರು ದಿನದ ಮಾತ್ರೆಗೆ ಜ್ವರ ಬಿಡುತ್ತದೆ. ಅಲ್ಲಿಗೆ ಮುಗಿಯಲಿಲ್ಲ. ಅದರ ಬೀಜ ಲಿವರಿನಲ್ಲಿ ಮಲಗಿರುತ್ತದೆ. ಅದಕ್ಕೆ ಇನ್ನೊಂದು ಮಾತ್ರೆ, ಹದಿನಾಲ್ಕು ದಿನ. ಅದನ್ನು ಕೊಡುವ ಮುಂಚೆ ಒಂದು ರಕ್ತಪರೀಕ್ಷೆ ಇದೆ. ಕೆಲವರಿಗೆ ಆ ಮಾತ್ರೆ ಆಗಿಬರುವುದಿಲ್ಲ, ರಕ್ತವೇ ಒಡೆಯುತ್ತದೆ. ಅದಕ್ಕೆ ಈ ದಿನವೇ ಒಂದು ಟ್ಯೂಬ್ ಕಳಿಸು. ಈ ಭಾನುವಾರ ಅವರನ್ನು ಲಾರಿ ಹತ್ತಲು ಬಿಡಬೇಡ.

ಮತ್ತೆ ಬರೆಯುವುದಿಲ್ಲ ಅಂದಿದ್ದೆ. ಮೇಡಂ ಇಲ್ಲ ಅಂದಿದ್ದರೆ ತಾನೇ.

ಸ್ಪಂದನ

*

ಉಲ್ಲಾಳ
6 ಆಗಸ್ಟ್, ಮಂಗಳವಾರ

ಸ್ಪಂದನ,

ಇಷ್ಟು ದಿನ ಬರೆಯಲಿಲ್ಲ. ಏನು ಬರೆಯಬೇಕೆಂದು ತಿಳಿಯಲಿಲ್ಲ.

ಅವನು ಒಂದು ವಾರ ತಡವಾಗಿ ಹೊರಟ. ಕೆಂಗೇರಿಯ ರಿಗ್ ಆಫೀಸಿನ ದುಂಡಪ್ಪ ದಿನಾ ಫೋನ್ ಮಾಡಿ, “ಡ್ರಿಲ್ಲರ್ ಇಲ್ದೆ ರಿಗ್ ಏನು ತಾನಾಗೇ ತೂತು ಹೊಡೆಯುತ್ತಾ?” ಅಂತ ಕೂಗಾಡಿದ. ಹೊರಡುವ ದಿನ ಉಳಿದ ಮಾತ್ರೆಗಳ ಸ್ಟ್ರಿಪ್ ಅವನ ಕೈಗೇ ಕೊಟ್ಟೆ. ಫೋನು ಸಿಕ್ಕಾಗಲೆಲ್ಲ “ತಗೊಂಡ್ಯಾ?” ಅಂದರೆ “ಹೂಂ ಕಣೇ” ಅನ್ನುತ್ತಿದ್ದ. ಮುಗಿದಿರಬೇಕು. ಚೆನ್ನಾಗಿದ್ದಾನೆ.

ಅಮ್ಮ ನಿನಗೆ ಅಂತ ಒಬ್ಬಟ್ಟು ಕಟ್ಟಿಕೊಟ್ಟಳು, ಬಾಕ್ಸಿನಲ್ಲಿ ಇಡು ಅಂದಳು. ರಕ್ತದ ಬಾಕ್ಸಿನಲ್ಲಿ ತಿನ್ನುವುದನ್ನು ಇಡಬಾರದು ಅಂದೆ. “ನಿಮ್ಮ ರಕ್ತಕ್ಕಿಂತ ನನ್ನ ಒಬ್ಬಟ್ಟು ಶುದ್ಧವಾಗೈತೆ” ಅಂದಳು. ಅಂಜಿನಯ್ಯನವರ ಗಾಡಿಯ ಡಿಕ್ಕಿಯಲ್ಲಿ ಕಳಿಸಿದ್ದೇನೆ. ಅವರಿಗೆ ಬೇರೆ ಎರಡು ಕೊಟ್ಟಿದ್ದೇನೆ, ನಿನ್ನದನ್ನು ಎಣಿಸಿ ನೋಡು.

ನಿನ್ನ ನಂಬರಿನ ಬ್ಲಾಕ್ ತೆಗೆದಿದ್ದೇನೆ. ಆದರೂ ಫೋನ್ ಮಾಡಬೇಡ. ಫೋನಿನಲ್ಲಿ ನಾನು ಬೈದುಬಿಡುತ್ತೇನೆ. ಬಾಕ್ಸಿನಲ್ಲೇ ಬರಿ.

ಒಂದೇ ಮಾತು ಕೇಳುತ್ತೇನೆ. ಯಾಕೆ ಬೇಡ ಅಂದೆ? ಅವನು ಕುಡಿಯುವುದಿಲ್ಲ. ಯಾರ ಮುಂದೆಯೂ ನಿನ್ನನ್ನು ಕಡೆಗಣಿಸಿ ಮಾತಾಡಿದ್ದಿಲ್ಲ. ನಿನಗೇ ಬೇಕಾಗಿತ್ತು ಅಂತ ನನಗೆ ಗೊತ್ತಿತ್ತು. ಅದಕ್ಕೇ ಅಮ್ಮನ ಹತ್ತಿರ ಮೊದಲು ಮಾತೆತ್ತಿದವಳು ನಾನು.

ಕೀರ್ತನಾ

*

ಚಂದ್ರಾ ಲೇಔಟ್
19 ಆಗಸ್ಟ್

ಕೀರ್ತನಾ,

ಒಬ್ಬಟ್ಟು ಆರು ಬಂತು. ನೀನು ಎಂಟು ಕಳಿಸಿದ್ದರೆ ಅಂಜಿನಯ್ಯನವರನ್ನು ಕೇಳು.

ನಿನ್ನ ಪ್ರಶ್ನೆಗೆ ಮೂರು ಸಲ ಉತ್ತರ ಬರೆದು ಹರಿದು ಹಾಕಿದೆ. ಇದನ್ನು ಹರಿಯುವ ಮುಂಚೆ ಬಾಕ್ಸಿಗೆ ಹಾಕಿಬಿಡುತ್ತೇನೆ.

ನಿಶ್ಚಿತಾರ್ಥ ಆದ ಮೇಲೆ ಒಂದು ದಿನ ನಾನೂ ನಿಮ್ಮಣ್ಣನೂ ಯೂನಿವರ್ಸಿಟಿ ಒಳಗಿನ ರಸ್ತೆಯಲ್ಲಿ ನಡೆದುಕೊಂಡು ಹೋಗಿದ್ದೆವು. ಆಗ ನಾನು ಒಂದು ಮಾತು ಕೇಳಿದೆ. ರಿಗ್ ಬಿಡಿ ಅಂತ ಕೇಳಲಿಲ್ಲ. ನೀವು ವರ್ಷಕ್ಕೆ ಎಂಟು ತಿಂಗಳು ಹೊರಗಿರುತ್ತೀರಿ, ಇವತ್ತು ಯಾವ ಊರಲ್ಲಿ ಇದ್ದೀರಿ ಅಂತ ಮಾತ್ರ ಹೇಳುತ್ತಿರಿ ಅಂದೆ. ಅವರು ನಕ್ಕರು. “ರಿಗ್ ಎಲ್ಲಿ ನಿಲ್ಲುತ್ತೋ ಅದೇ ಊರು. ಬೆಳಿಗ್ಗೆ ಒಂದು, ಸಂಜೆ ಒಂದು. ಅದರ ಹೆಸರು ಕಟ್ಕೊಂಡು ಏನ್ ಮಾಡ್ತೀಯ?” ಅಂದರು. ಕೆಟ್ಟದಾಗಿ ಹೇಳಲಿಲ್ಲ. ಪಾಪ, ನಿಜವಾಗಿಯೇ ಕೇಳಿದರು.

ಆಮೇಲೆ ಮಾರ್ಚಿನಲ್ಲಿ ಅವರು ಹೋದರು. ಹನ್ನೊಂದು ದಿನ ಫೋನ್ ಇಲ್ಲ. ನಿಮಗೆಲ್ಲ ಅದು ಅಭ್ಯಾಸ. ನಿಮ್ಮಮ್ಮ, “ನೆಟ್ವರ್ಕ್ ಇರಲ್ಲ ಬಿಡವ್ವ” ಅಂದು ಕಾಳು ಹಸನು ಮಾಡುತ್ತಾ ಕೂತಿದ್ದರು. ನನಗೆ ಕೂರಲು ಆಗಲಿಲ್ಲ. ನನ್ನ ಸ್ವಭಾವ ನಿನಗೆ ಗೊತ್ತು. ಮಿಷನ್ ಒಂದು ನಿಮಿಷ ತಡ ಮಾಡಿದರೆ ಎದ್ದು ನಿಲ್ಲುವವಳು. ಒಂದು ಸಂಜೆ ಚಂದ್ರಾ ಲೇಔಟಿನಿಂದ ವಿಜಯನಗರ ಮೆಟ್ರೋವರೆಗೆ ನಡೆದುಹೋಗಿ ಸುಮ್ಮನೆ ವಾಪಸ್ ಬಂದೆ. ಯಾಕೆ ಹೋದೆ ಅಂತ ಗೊತ್ತಿಲ್ಲ. ಜೀವನಪೂರ್ತಿ ಹೀಗೆ ನಡೆಯಬೇಕಾಗುತ್ತದೆ ಅನ್ನಿಸಿತು. ನಿಮ್ಮಮ್ಮನ ಹಾಗೆ ಕಾಳು ಹಸನು ಮಾಡಿಕೊಂಡು ಇರುವುದು ನನ್ನಿಂದಾಗದು. ಅದನ್ನು ಅವರ ಮುಖ ನೋಡಿ ಹೇಳಲು ಧೈರ್ಯವಿರಲಿಲ್ಲ. ಅಪ್ಪನ ಕೈಯಲ್ಲಿ ಹೇಳಿಸಿದೆ.

ಬೇಡ ಅಂದ ಮೇಲೆ ಈ ಚಡಪಡಿಕೆ ನಿಲ್ಲುತ್ತದೆ ಅಂದುಕೊಂಡಿದ್ದೆ.

ಸ್ಪಂದನ

*

ಉಲ್ಲಾಳ
18 ನವೆಂಬರ್, ಸೋಮವಾರ

ಸ್ಪಂದನ,

ಇದನ್ನು ಅವಸರದಲ್ಲಿ ಬರೆಯುತ್ತಿದ್ದೇನೆ.

ಚಳಿಗಾಲ ಶುರುವಾಯಿತೆಂದು ಅಮ್ಮ ಬಾಗಿಲ ಹಿಂದೆ ನೇತುಹಾಕಿದ್ದ ಅಣ್ಣನ ಜರ್ಕಿನ್ ಒಗೆಯಲು ಕೊಟ್ಟಳು. ಜೇಬಿನಲ್ಲಿ ಮಾತ್ರೆಯ ಸ್ಟ್ರಿಪ್. ಹದಿನಾಲ್ಕರಲ್ಲಿ ಐದು ಮಾತ್ರ ಖಾಲಿ. ಒಂಬತ್ತು ಹಾಗೇ ಇವೆ. ಇಲ್ಲಿ ಇದ್ದಷ್ಟು ದಿನ ನಾನು ಮುಂದೆ ನಿಂತು ನುಂಗಿಸಿದವು ಆ ಐದು. ಹೊರಟ ದಿನ ಸ್ಟ್ರಿಪ್ಪನ್ನು ಜೇಬಿಗೆ ಹಾಕಿಕೊಂಡು, ಆಮೇಲೆ ಬಿಸಿಲು ಬಂತೆಂದು ಜರ್ಕಿನ್ ಬಿಚ್ಚಿ ಹೋಗಿದ್ದಾನೆ. ನಾನು ಫೋನಿನಲ್ಲಿ “ತಗೊಂಡ್ಯಾ?” ಅಂದಾಗಲೆಲ್ಲ ಹೂಂ ಅಂದ ಆ ಹೂಂ ಎಲ್ಲ ಸುಳ್ಳು.

ಇವತ್ತು ಅದೃಷ್ಟಕ್ಕೆ ಫೋನ್ ಸಿಕ್ಕಿತು. ಬೈದೆ. “ಜ್ವರ ಹೋಯ್ತಲ್ಲೇ, ಗಟ್ಟಿಯಾಗೇ ಇದೀನಿ. ಆ ಮಾತ್ರೆ ತಿಂದ್ರೆ ಹೊಟ್ಟೆ ಉರಿಯುತ್ತೆ, ರಿಗ್ ಹಿಡ್ಕೊಳ್ಳೋಕೆ ಆಗಲ್ಲ” ಅಂದ. ಹಿಂದಿನಿಂದ ಕಂಪ್ರೆಸರ್ ಸದ್ದು. ಯಾವ ಊರೋ ಅಂದೆ. ಕೇಳಿಸಲಿಲ್ಲ ಅಂದ. ಆಮೇಲೆ ಕಟ್ಟಾಯಿತು.

ನನ್ನ ಮಾತು ಅವನು ಕೇಳುವುದಿಲ್ಲ. ತಂಗಿ ಅಂದರೆ ಸದಾ ಗೊಣಗುವವಳು. ನೀನು ಬರಿ. ಇದೇ 21ಕ್ಕೆ ಕೆಂಗೇರಿಯಿಂದ ಪೈಪು ಹೊತ್ತ ಲಾರಿ ಅವರಿದ್ದಲ್ಲಿಗೆ ಹೋಗುತ್ತದೆ. ದುಂಡಪ್ಪನಿಗೆ ಹೇಳಿದ್ದೇನೆ, ಡ್ರೈವರ್ ಕೈಗೆ ಕೊಡುತ್ತಾನೆ.

ನಿನ್ನನ್ನು ಇದನ್ನು ಕೇಳಲು ನನಗೆ ಯಾವ ಮುಖವೂ ಇಲ್ಲ.

ಕೀರ್ತನಾ

*

ಚಂದ್ರಾ ಲೇಔಟ್
20 ನವೆಂಬರ್ 2024

ಭೈರೇಶ್ ಅವರಿಗೆ,

ನನ್ನ ಅಕ್ಷರ ನಿಮಗೆ ಗುರುತು ಇರಲಾರದು. ನಾನು ಸ್ಪಂದನ.

ಬೇರೆ ಯಾವ ಮಾತಿಗೂ ಇದನ್ನು ಬರೆಯುತ್ತಿಲ್ಲ. ಜುಲೈನಲ್ಲಿ ನಿಮ್ಮ ರಕ್ತದಲ್ಲಿ ಇದ್ದದ್ದನ್ನು ಮೊದಲ ಮೂರು ದಿನದ ಮಾತ್ರೆ ಕೊಂದಿತು. ಲಿವರಿನಲ್ಲಿ ಇರುವುದನ್ನು ಅದು ಕೊಲ್ಲುವುದಿಲ್ಲ. ಅದು ಮಲಗಿರುತ್ತದೆ. ಯಾವಾಗ ಏಳುತ್ತದೆ ಅಂತ ನನಗೂ ಗೊತ್ತಿಲ್ಲ, ಜಲಜಾ ಮೇಡಂಗೂ ಗೊತ್ತಿಲ್ಲ, ನಮ್ಮ ಮಿಷನ್ನಿಗಂತೂ ಗೊತ್ತೇ ಆಗುವುದಿಲ್ಲ. ರಕ್ತಕ್ಕೆ ಬಂದ ಮೇಲೆ ತಾನೇ ಅದು ನೋಡುವುದು. ನೀವು ಗಟ್ಟಿಯಾಗಿದ್ದೀರಿ ಅನ್ನುವುದು ಅದಕ್ಕೆ ಲೆಕ್ಕಕ್ಕಿಲ್ಲ.

ನೀವು ನೆಲದೊಳಗೆ ಮುನ್ನೂರು ಅಡಿ ಇಳಿಸುತ್ತೀರಿ. ಮೇಲೆ ಒಣಗಿದೆ ಅಂತ ಕೆಳಗೆ ನೀರಿಲ್ಲ ಅನ್ನುತ್ತೀರಾ?

ಆ ಮಾತ್ರೆ ಖಾಲಿ ಹೊಟ್ಟೆಯಲ್ಲಿ ತಿಂದರೆ ಉರಿಯುತ್ತದೆ. ನಿಮ್ಮ ಮನೆಯಲ್ಲಿ ಎಲ್ಲವನ್ನೂ ಖಾಲಿ ಹೊಟ್ಟೆಯಲ್ಲೇ ಮಾಡುತ್ತಾರೆ ಅಂತ ನನಗೆ ಗೊತ್ತು. ಊಟ ಮಾಡಿ ತಗೊಳ್ಳಿ. ನೀವು ಇರುವ ಕಡೆ ಊರಿಗೊಬ್ಬ ಆಶಾ ಕಾರ್ಯಕರ್ತೆ ಇರುತ್ತಾಳೆ. ಮಲೇರಿಯಾ ನೋಡುವ ಕಾರ್ಡು ಅವಳ ಚೀಲದಲ್ಲೇ ಇರುತ್ತದೆ. ಸ್ವಲ್ಪ ಚಳಿಯಾದರೂ ಅವಳ ಹತ್ತಿರ ಹೋಗಿ. ಚಳಿಯಾಗದಿದ್ದರೂ ಆಸ್ಪತ್ರೆಗೆ ಹೋಗಿ ಈ ಕಾಗದ ತೋರಿಸಿ. ಮಾತ್ರೆಯ ಹೆಸರನ್ನು ಕೆಳಗೆ ಇಂಗ್ಲಿಷಿನಲ್ಲಿ ಬರೆದಿದ್ದೇನೆ. ಜುಲೈನಲ್ಲಿ ಮಾಡಿದ ಪರೀಕ್ಷೆಯ ರಿಪೋರ್ಟೂ ಇಟ್ಟಿದ್ದೇನೆ, ಈ ಮಾತ್ರೆ ನಿಮಗೆ ಆಗುತ್ತದೆ ಅಂತ ಅದರಲ್ಲಿದೆ. ಉಳಿದ ಒಂಬತ್ತಲ್ಲ, ಮತ್ತೆ ಮೊದಲಿನಿಂದ ಹದಿನಾಲ್ಕು.

ಊರಿಗೆ ಬನ್ನಿ ಅಂತ ನಾನು ಕೇಳುತ್ತಿಲ್ಲ. ಹಾಗೆ ಕೇಳುವ ಹಕ್ಕು ನನಗಿಲ್ಲ. ಮಾತ್ರೆ ನುಂಗಿ ಅಂತ ಕೇಳಲು ಹಕ್ಕು ಬೇಕಾಗಿಲ್ಲ.

ಸ್ಪಂದನ

*

ಮುನಿಗುಡ, ಒಡಿಶಾ
19 ಡಿಸೆಂಬರ್

ಸ್ಪಂದನ ಅವರಿಗೆ,

ಎಸ್ಸೆಸ್ಸೆಲ್ಸಿ ಪರೀಕ್ಷೆ ಆದ ಮೇಲೆ ನಾನು ಇಷ್ಟು ಉದ್ದ ಬರೆಯುತ್ತಿರುವುದು ಇದೇ ಮೊದಲು. ತಪ್ಪು ಇದ್ದರೆ ಬಿಟ್ಟು ಓದಿ.

ಕಾಗದ ಬರುವ ಹಿಂದಿನ ದಿನವೇ ಶುರುವಾಗಿತ್ತು. ಯಾರಿಗೂ ಹೇಳಿರಲಿಲ್ಲ. ಕಂಪ್ರೆಸರ್ ಪಕ್ಕ ನಿಂತರೆ ಮೈಯೆಲ್ಲ ನಡುಗುವುದು ಸಹಜ, ಅದೇ ಇರಬೇಕು ಅಂದುಕೊಂಡೆ. ಕಂಪ್ರೆಸರ್ ನಿಲ್ಲಿಸಿದ ಮೇಲೂ ನಡುಗುತ್ತಲೇ ಇದ್ದೆ. ಹುಡುಗರು ಟಾರ್ಪಾಲು ಹೊದಿಸಿ ಲಾರಿ ಕೆಳಗೆ ಮಲಗಿಸಿದರು. “ಮಚ್ಚಾ, ನೀನೇ ಒಂದು ರಿಗ್ ಆಗ್ಬಿಟ್ಟೆ” ಅಂತ ನಕ್ಕರು. ಆಮೇಲೆ ನಗು ನಿಲ್ಲಿಸಿದರು. ಮಾರನೆಯ ದಿನ ಪೈಪು ಲಾರಿ ಬಂತು.

ಆಶಾ ಅಕ್ಕನ ಮನೆ ಹುಡುಕಿದೆವು. ನನಗೆ ಅವಳ ಮಾತು ಬಾರದು, ಅವಳಿಗೆ ನನ್ನದು ಬಾರದು. ನಿಮ್ಮ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಇಂಗ್ಲಿಷ್ ಹೆಸರಿನ ಮೇಲೆ ಬೆರಳಿಟ್ಟು ತಲೆಯಾಡಿಸಿದಳು. ಬೆರಳು ಚುಚ್ಚಿ ಕಾರ್ಡಿಗೆ ಹಾಕಿದಳು. ಮಲೇರಿಯಾದ ಗೆರೆ ಬಂತು. ಆಸ್ಪತ್ರೆಯಲ್ಲಿ ಮತ್ತೆ ಮಾತ್ರೆ ಕೊಟ್ಟರು. ಊಟ ಮಾಡಿ ತಗೊಂಡೆ. ಉರಿಯಲಿಲ್ಲ.

ರಿಗ್ ಬಿಡುತ್ತೇನೆ ಅಂತ ಬರೆದರೆ ಸುಳ್ಳಾಗುತ್ತದೆ. ಈಗಾಗಲೇ ಕೀರ್ತನಾಗೆ ಸಾಕಷ್ಟು ಹೇಳಿದ್ದೇನೆ.

ಖಾಲಿ ಸ್ಟ್ರಿಪ್ ಇದರ ಜೊತೆ ಇಟ್ಟಿದ್ದೇನೆ. ಮಾತ್ರೆ ಒಡೆದ ಒಂದೊಂದು ಗೂಡಿನ ಪಕ್ಕ ಆ ದಿನ ರಿಗ್ ನಿಂತಿದ್ದ ಊರಿನ ಹೆಸರು ಬರೆದಿದ್ದೇನೆ. ಪೆನ್ನು ಸರಿಯಾಗಿ ಹಿಡಿಯುವುದಿಲ್ಲ, ಗೀರಿದ ಹಾಗಿದೆ. ಎರಡು ಕಡೆ ಹೆಸರು ಹೇಳುವವರು ಯಾರೂ ಸಿಗಲಿಲ್ಲ. ಒಂದು ಕಡೆ ಬೋರು ಹಾಕಿಸಿದ ಮುದುಕನ ಹೆಸರು ಬರೆದೆ. ಇನ್ನೊಂದು ಕಡೆ ದೊಡ್ಡ ಹುಣಸೆಮರ ಇತ್ತು, ಹುಣಸೆಮರ ಅಂತಲೇ ಬರೆದೆ.

ಅವತ್ತು ಯೂನಿವರ್ಸಿಟಿ ರಸ್ತೆಯಲ್ಲಿ ನಾನು ನಗಬಾರದಿತ್ತು.

ಭೈರೇಶ್

*

ಚಂದ್ರಾ ಲೇಔಟ್
17 ಜನವರಿ 2025, ಶುಕ್ರವಾರ

ಕೀರ್ತನಾ,

ಬೆಳಗಿನ ಬಾಕ್ಸಿನಲ್ಲಿ ನಿಮ್ಮಣ್ಣನ ಟ್ಯೂಬ್ ಬಂತು. ಅದರ ಪಕ್ಕದಲ್ಲಿ ಕವರಿನಲ್ಲಿ ನೀನು ಎಳೆದ ಗಾಜೂ ಇತ್ತು. ಹಬ್ಬಕ್ಕೆ ಬಂದಿದ್ದಾರೆ ಅಂತ ಅಂಜಿನಯ್ಯನವರು ಮೂರು ದಿನದ ಹಿಂದೆಯೇ ಹೇಳಿದ್ದರು. ಎಳ್ಳು ಬೆಲ್ಲ ಕೊಡುವ ನೆಪದಲ್ಲಿ ಹೇಳಿ, ನನ್ನ ಮುಖ ನೋಡುತ್ತಾ ಸ್ವಲ್ಪ ಹೊತ್ತು ನಿಂತಿದ್ದರು. “ಥ್ಯಾಂಕ್ಸ್ ಅಣ್ಣ” ಅಂದೆ. “ಯಾವುದಕ್ಕೆ, ಎಳ್ಳಿಗಾ?” ಅಂದರು.

ಟ್ಯೂಬನ್ನು ಮಿಷನ್ನಿಗೆ ಹಾಕಿದೆ. ಅದು ಎಣಿಸಿತು. ಚುಕ್ಕಿಗಳು ಒಂದೊಂದಾಗಿ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತವು. ಆ ಮೂಲೆ ಖಾಲಿ. ಕೆಂಪು ಅಕ್ಷರ ಬರಲಿಲ್ಲ. ಶ್ರೀಶ ಸರ್ ನನ್ನ ಹಿಂದೆಯೇ ನಿಂತಿದ್ದರು. “ಇವತ್ತು ಬಡ್ಕೊಳ್ಳಲಿಲ್ಲ ನೋಡು. ಇನ್ನಾದ್ರೂ ಕೂತ್ಕೊಳ್ಳಮ್ಮ ತಾಯಿ” ಅಂದರು. ನಾನು ಕೂರಲಿಲ್ಲ. ಮಿಷನ್ ಕೈ ಎತ್ತದಿದ್ದರೂ ಕೇಳಬೇಕಲ್ಲ. ಗಾಜಿಗೆ ಬಣ್ಣ ಹಾಕಿ, ಜಲಜಾ ಮೇಡಂ ಬರುವವರೆಗೆ ಕಾದು, ಅವರಿಂದಲೇ ನೋಡಿಸಿದೆ. ಏನೂ ಇಲ್ಲ. ತಿಂಗಳಿಗೊಂದು ಸಲ, ಒಂದು ವರ್ಷ ನೋಡುತ್ತಿರೋಣ ಅಂದಿದ್ದಾರೆ.

ರಿಪೋರ್ಟ್ ಇದರ ಜೊತೆಗಿದೆ. ಅದರಲ್ಲಿ ಅಂಕಿಗಳ ಕೆಳಗೆ ಈಗ ಗಾಜಿನಲ್ಲಿ ಏನು ಕಂಡಿತು ಅನ್ನುವ ಇನ್ನೊಂದು ಸಾಲು ಅಚ್ಚಾಗುತ್ತದೆ. ಗಾಜು ನೋಡಿದವರ ಸಹಿಯೂ ಇರುತ್ತದೆ. ಅಮ್ಮನಿಗೆ ಓದಿ ಹೇಳು.

ಅವರ ಸ್ಟ್ರಿಪ್ ನನ್ನ ಹತ್ತಿರ ಇದೆ. ಹೆಸರುಗಳನ್ನು ಓದಿ ಓದಿ ಬಾಯಿಗೆ ಬಂದುಬಿಟ್ಟಿವೆ. ಬಸ್ಸಿನಲ್ಲಿ ಒಂದೊಂದೇ ಹೇಳಿಕೊಳ್ಳುತ್ತೇನೆ. ಆ ಹುಣಸೆಮರದ ಹತ್ತಿರ ಬಂದಾಗ ನಗು ಬರುತ್ತದೆ. ಕೊನೆಯ ಗೂಡಿನ ಪಕ್ಕ ಬರೆದದ್ದು ಡಿಸೆಂಬರ್ ನಡುವಿನ ಊರು. ಅಲ್ಲಿಂದ ಹಬ್ಬಕ್ಕೆ ಉಲ್ಲಾಳಕ್ಕೆ ಬರುವವರೆಗೆ ರಿಗ್ ಎಲ್ಲೆಲ್ಲಿ ನಿಂತಿತ್ತು ಅಂತ ಎಲ್ಲೂ ಬರೆದಿಲ್ಲ.

ನಿಮ್ಮಣ್ಣನನ್ನು ಕೇಳು. ಬರೆದು ಕಳಿಸುವುದಾದರೆ ಬಾಕ್ಸಿನಲ್ಲಿ ಬೇಡ. ಮುಂದಿನ ತಿಂಗಳ ಗಾಜಿಗೆ ಅವರೇ ಇಲ್ಲಿಗೆ ಬಂದು ಬೆರಳು ಕೊಡಲಿ. ಊಟ ಮಾಡಿಕೊಂಡು ಬರಲಿ, ಖಾಲಿ ಹೊಟ್ಟೆ ಬೇಡ. ನಾನು ಇಲ್ಲೇ ಇರುತ್ತೇನೆ. ಕೂತಿರುತ್ತೇನೆ ಅಂತ ಮಾತ್ರ ಹೇಳಲಾರೆ.

ಸ್ಪಂದನ